ಹೊಸ ಫ್ಲೈಯಿಂಗ್ ಇನ್‌ಸ್ಟ್ರಕ್ಟರುಗಳೇ, ಸಹಿ ಹಾಕುವ ಮುಂಚೆ ಇಷ್ಟು ಕೇಳಿ

ರೇಟಿಂಗ್ (ಹಾರಾಟ ಕಲಿಸುವ ಅರ್ಹತೆ) ಕೈಗೆ ಬಂದ ಖುಷಿಯಲ್ಲಿ ಮೊದಲು ಸಿಕ್ಕ ಕೆಲಸಕ್ಕೆ ಸಹಿ ಹಾಕಿಬಿಡುವವರನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಗಂಟೆಗೆ ಎಷ್ಟು ಅಂತ ಕೇಳುತ್ತಾರೆ, ಯಾವ ಗಂಟೆಗೆ ಅಂತ ಕೇಳುವುದೇ ಇಲ್ಲ.

ಎಷ್ಟೋ ಶಾಲೆಗಳು ಹೊಸಬರಿಗೆ ದುಡ್ಡು ಕೊಡುವುದು ಹಾರಾಟದ ಗಂಟೆಗೆ ಮಾತ್ರ. ಒಂದು ಪಾಠವನ್ನೇ ತೆಗೆದುಕೊಳ್ಳಿ. ಎಂಟಕ್ಕೆ ವಿದ್ಯಾರ್ಥಿ ಬರುತ್ತಾನೆ. ಬೋರ್ಡಿನ ಮುಂದೆ ಸ್ಟಾಲ್ ಬಗ್ಗೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದರ ಬಗ್ಗೆ, ಬ್ರೀಫಿಂಗ್. ಆಮೇಲೆ ಪ್ರೀಫ್ಲೈಟ್: ಟ್ಯಾಂಕಿನ ತಳದಿಂದ ಇಂಧನ ಬಸಿದು, ನೀರು ಸೇರಿದೆಯಾ ಅಂತ ಬೆಳಕಿಗೆ ಹಿಡಿದು ನೋಡಬೇಕು, ಆಯಿಲ್, ಟೈರು, ಕಂಟ್ರೋಲುಗಳು. ಅವನು ಕಲಿಯುವವನು, ನಿಧಾನ. ನೀವು ಪಕ್ಕದಲ್ಲೇ ನಿಂತಿರಬೇಕು, ಅವಸರ ಮಾಡಿಸಬಾರದು. ಹಾರಾಟ ಒಂದು ಗಂಟೆ. ಇಳಿದ ಮೇಲೆ ಡೀಬ್ರೀಫಿಂಗ್, ಲಾಗ್‌ಬುಕ್ಕಿಗೆ ಸಹಿ. ಗಡಿಯಾರ ನೋಡಿದರೆ ಹತ್ತೂವರೆ. ದುಡಿದದ್ದು ಎರಡೂವರೆ ಗಂಟೆ, ದುಡ್ಡು ಒಂದು ಗಂಟೆಯದು. ಮಂಜು ಕವಿದು ಹಾರಾಟ ರದ್ದಾದರೆ ಅದೂ ಇಲ್ಲ. ಹಾಗಾಗಿ ಅವರು ಹೇಳಿದ ರೇಟನ್ನು ಎರಡೂವರೆಯಿಂದ ಭಾಗಿಸಿ ನೋಡಿ, ನಿಮ್ಮ ನಿಜವಾದ ಕೂಲಿ ಅದು.

ಯಾವ ಮೀಟರಿನ ಲೆಕ್ಕ ಅಂತಲೂ ಕೇಳಿ. ಹಾಬ್ಸ್ ಮೀಟರ್ ಸಾಮಾನ್ಯವಾಗಿ ಇಂಜಿನ್ ಓಡುವಷ್ಟು ಹೊತ್ತೂ ಒಂದೇ ವೇಗದಲ್ಲಿ ಓಡುತ್ತದೆ; ಅದರ 0.1 ಅಂದರೆ 6 ನಿಮಿಷ. ಟ್ಯಾಕ್ ಮೀಟರ್ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಕಡಿಮೆಯಾದಂತೆ ನಿಧಾನವಾಗುತ್ತದೆ. ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ವಿಮಾನ ಓಡಿಸುವಾಗ), ರನ್‌ವೇ ಮುಂದೆ ಸರದಿಗೆ ಕಾಯುವಾಗ, ಸರ್ಕ್ಯೂಟಿನಲ್ಲಿ (ರನ್‌ವೇ ಸುತ್ತಿನ ಹಾರಾಟದಲ್ಲಿ) ಪವರ್ ಇಳಿಸಿ ಇಳಿಯುವಾಗಲೆಲ್ಲ ನಿಮ್ಮ ನಿಮಿಷಗಳು ಸೋರುತ್ತವೆ. ಹೊಸ ವಿದ್ಯಾರ್ಥಿಗಳೇ ಹೆಚ್ಚಾಗಿ ನಿಮ್ಮ ಪಾಲಿಗೆ ಬರುವುದರಿಂದ ಈ ನಷ್ಟವೂ ನಿಮ್ಮದೇ.

ತಿಂಗಳಿಗೆ ಕನಿಷ್ಠ ಇಷ್ಟು ಗಂಟೆಯ ಖಾತರಿ ಉಂಟೇ? ವಿದ್ಯಾರ್ಥಿ ಬಾರದಿದ್ದರೆ ಅವನಿಂದ ಹಿಡಿಯುವ ದುಡ್ಡಿನಲ್ಲಿ ನಿಮಗೆ ಪಾಲಿದೆಯೇ? ವಿಮಾನದ ಇನ್ಶೂರೆನ್ಸ್ ನಿಮ್ಮನ್ನೂ ಒಳಗೊಂಡಿದೆಯೇ? ಬಿಟ್ಟು ಹೋದರೆ ಕಟ್ಟಬೇಕಾದ ಬಾಂಡ್ ಎಷ್ಟು? ಉತ್ತರಗಳು ಬರಹದಲ್ಲಿರಲಿ.

"ದುಡ್ಡಿಲ್ಲದಿದ್ದರೇನು, ಲಾಗ್‌ಬುಕ್ಕಿಗೆ ಹಾರಾಟದ ಗಂಟೆ ಸಿಗುತ್ತಲ್ಲ" ಅನ್ನುತ್ತಾರೆ. ಸಂಬಳ ಕೆಳಗಿರುವುದಕ್ಕೆ ಇದೇ ದೊಡ್ಡ ಕಾರಣ. ಅಮೆರಿಕದಲ್ಲಿ 2009ರ ಕೋಲ್ಗನ್ ಏರ್ ವಿಮಾನ ದುರಂತದ ನಂತರ, 2013ರಿಂದ ಏರ್‌ಲೈನಿನ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಹಾರಾಟದ ಅನುಭವ ಬೇಕಾಯಿತು. ಆ ಗಂಟೆ ತುಂಬಿಸಲು ಬರುವವರ ಸಾಲು ಉದ್ದವಿದ್ದಷ್ಟೂ ಶಾಲೆಗೆ ಅನುಕೂಲ. ಆದರೆ ನೀವು ಪಕ್ಕದ ಸೀಟಿನಲ್ಲಿ ಕೂತದ್ದು ಒಬ್ಬನ ಜೀವಕ್ಕೆ ಹೊಣೆಯಾಗಿ. ಅದು ದುಡಿಮೆ, ಅದಕ್ಕೆ ಕೂಲಿ ಕೇಳುವುದು ತಪ್ಪಲ್ಲ.

ದಣಿವಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ, ನೀವೂ ಆಗಬೇಡಿ. ಅಮೆರಿಕದ ನಿಯಮದಲ್ಲಿ 24 ಗಂಟೆಯಲ್ಲಿ 8 ಗಂಟೆಗಿಂತ ಹೆಚ್ಚು ಹಾರಾಟದ ತರಬೇತಿ ಕೊಡುವಂತಿಲ್ಲ. ಬ್ರೀಫಿಂಗ್, ಕಾಯುವಿಕೆ ಆ ಎಂಟರಲ್ಲಿ ಸೇರುವುದಿಲ್ಲ. ಅಂದರೆ ನಿಯಮ ಮುರಿಯದೆಯೇ ಹದಿಮೂರು ತಾಸು ನಿಮ್ಮನ್ನು ದುಡಿಸಬಹುದು. ಸಂಜೆಯ ಕೊನೆಯ ಪಾಠದಲ್ಲಿ ವಿದ್ಯಾರ್ಥಿ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂತಿ ಎತ್ತುವುದು) ತೀರಾ ಎತ್ತರದಲ್ಲಿ ಮಾಡಿದಾಗ ನಿಮ್ಮ ಕೈ ಅರೆಕ್ಷಣ ತಡವಾದರೂ ಸಾಕು. ದಿನಕ್ಕೆ ಎಷ್ಟು ಪಾಠ ಅಂತ ಮೊದಲೇ ಮಿತಿ ಹೇಳಿಬಿಡಿ.

ಸೇರಿದ ಮೇಲೆ ಲಾಗ್‌ಬುಕ್ಕಿನ ಜೊತೆಗೆ ಇನ್ನೊಂದು ಪುಸ್ತಕ ಇಡಿ: ಬಂದ ಹೊತ್ತು, ಹೋದ ಹೊತ್ತು, ಮೀಟರ್ ಓಡಿದ್ದು. ತಿಂಗಳ ಕೊನೆಗೆ ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಒಬ್ಬರೇ ಹೋಗಬೇಡಿ, ಜೊತೆಗಾರರೂ ತಮ್ಮ ಪುಸ್ತಕ ತರಲಿ. ನಾನಿರುವ ಕಡೆ ಬ್ರೀಫಿಂಗಿಗೆ ದುಡ್ಡು ಕೊಡಲು ಶುರು ಮಾಡಿದ್ದು ಹೀಗೆ ನಾವೆಲ್ಲ ಲೆಕ್ಕ ಮುಂದಿಟ್ಟ ಮೇಲೆ.