ಕಾಪರ್‌ಬ್ಯಾಂಡ್ ಚಿಟ್ಟೆಮೀನು: ತರುವ ಮೊದಲು ಮತ್ತು ತಂದ ಮೇಲೆ

ಬೆಳ್ಳಿಮೈಯ ಮೇಲೆ ತಾಮ್ರ ಬಣ್ಣದ ಅಡ್ಡಪಟ್ಟೆಗಳು, ಬೆನ್ನಿನ ರೆಕ್ಕೆಯ ತುದಿಯ ಬಳಿ ಕಣ್ಣಿನಂತೆ ಕಾಣುವ ಕಪ್ಪು ಬೊಟ್ಟು, ಚಿಮಟದಂತೆ ಚಾಚಿದ ಮೂತಿ ಇರುವ ಕಾಪರ್‌ಬ್ಯಾಂಡ್ ಚಿಟ್ಟೆಮೀನನ್ನು ಅಂಗಡಿಯಲ್ಲಿ ಕಂಡವರಿಗೆ ಅದನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಆದರೆ ಆ ಮೂತಿಯೇ ಅದನ್ನು ಸಾಕುವುದರ ಕಷ್ಟವನ್ನೂ ಹೇಳುತ್ತದೆ. ಬಂಡೆಯ ಸಂದಿಗೆ ಮೂತಿ ತೂರಿಸಿ ಹುಳುಗಳನ್ನೂ ಸಣ್ಣ ಸಿಗಡಿಯಂಥ ಜೀವಿಗಳನ್ನೂ ಒಂದೊಂದಾಗಿ ಹೆಕ್ಕಿ ತಿನ್ನುವ ಈ ಮೀನಿಗೆ ನೀರಿನಲ್ಲಿ ತೇಲಿಬರುವ ಗುಳಿಗೆ ಆಹಾರವೆಂದೇ ತೋರುವುದಿಲ್ಲ. ನಾನು ಕಾರವಾರಕ್ಕೆ ತಂದ ಮೊದಲ ಮೀನು ಹದಿನೈದು ದಿನ ಏನನ್ನೂ ಮುಟ್ಟದೆ ಸತ್ತಿತು. ನೀರಿನ ಪರೀಕ್ಷೆಗಳೆಲ್ಲ ಸರಿಯಿದ್ದವು, ಹೊಟ್ಟೆ ಮಾತ್ರ ಖಾಲಿಯಿತ್ತು. ಆದ್ದರಿಂದ ಇಲ್ಲಿ ನೀರಿಗಿಂತ ಊಟದ ವಿಷಯವನ್ನೇ ಹೆಚ್ಚು ಬರೆಯುತ್ತೇನೆ.

ಇದು ಪೂರ್ವ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್ಕಿನ ಮೀನು, ನಮ್ಮ ನೇತ್ರಾಣಿಯ ಬಂಡೆಗಳದ್ದಲ್ಲ. ಪೂರ್ತಿ ಬೆಳೆದಾಗ ಸುಮಾರು 20 ಸೆಂಟಿಮೀಟರ್ ಆಗುತ್ತದೆ, ಹಾಗಾಗಿ 400 ಲೀಟರಿಗಿಂತ ಕಡಿಮೆಯ ತೊಟ್ಟಿಯಲ್ಲಿ ಇದನ್ನು ಇಡಬಾರದೆಂಬುದು ನನ್ನ ಅಭಿಪ್ರಾಯ. ತೊಟ್ಟಿ ಕನಿಷ್ಠ ಆರು ತಿಂಗಳು ನಡೆದು, ಕಲ್ಲುಗಳ ಮೇಲೆ ಪಾಚಿ, ಹುಳು, ಸೂಕ್ಷ್ಮ ಜೀವಿಗಳು ನೆಲೆಯೂರಿರಬೇಕು. ಮೊದಲ ವಾರಗಳಲ್ಲಿ ಮೀನು ದಿನವಿಡೀ ಕೆದಕಿ ತಿನ್ನುವುದು ಅವನ್ನೇ. ಕಲ್ಲಿಗಾಗಿ ಸಮುದ್ರದಿಂದ ಹವಳ ಕಿತ್ತು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಗಳಿಗೆ ರಕ್ಷಣೆಯಿದೆ, ಮೇಲಾಗಿ ಒಂದು ಮೀನಿನ ಮನೆಗಾಗಿ ನೂರು ಮೀನುಗಳ ಮನೆ ಒಡೆಯುವುದು ತಪ್ಪು. ರಂಧ್ರಗಳುಳ್ಳ ಕೃತಕ ಕಲ್ಲು ಸಾಕು, ಕಾಲ ಕೊಟ್ಟರೆ ಅದರಲ್ಲೂ ಜೀವ ತುಂಬಿಕೊಳ್ಳುತ್ತದೆ.

ಕಡಲು ಮನೆಬಾಗಿಲಲ್ಲೇ ಇದೆಯೆಂದು ಕೊಡದಲ್ಲಿ ನೀರು ತುಂಬಿ ತರುವ ಆಸೆ ನಮ್ಮ ಕರಾವಳಿಯವರಿಗೆ ಸಹಜ. ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಹರಿಯುವಾಗ ಕಾರವಾರದ ದಂಡೆಯ ನೀರು ಕೆಸರಾಗಿ, ಉಪ್ಪಿನಂಶ ತೀರಾ ಇಳಿದಿರುತ್ತದೆ. ಬೇಸಿಗೆಯಲ್ಲೂ ಅಳಿವೆಯ ಹತ್ತಿರದ ನೀರು ಭರತ-ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪನ್ನು ಆರ್‌ಒ ನೀರಿನಲ್ಲಿ ಕರಗಿಸಿಕೊಳ್ಳುವುದೇ ನೆಮ್ಮದಿಯ ದಾರಿ. ಸಾಪೇಕ್ಷ ಸಾಂದ್ರತೆ 1.024ರಿಂದ 1.026, ಉಷ್ಣತೆ 24ರಿಂದ 27 ಡಿಗ್ರಿ, ಪಿಎಚ್ 8.1ರಿಂದ 8.4 ಇರಲಿ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಲೇಬೇಕು. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ದಿನವೂ ತುಂಬಬೇಕು.

ಅಂಗಡಿಯಲ್ಲಿ ನೋಡಬೇಕಾದ ಮುಖ್ಯ ಸಂಗತಿ ಒಂದೇ: ಮೀನು ನಿಮ್ಮ ಕಣ್ಣೆದುರು ತಿನ್ನಬೇಕು. ಒಂದು ಚೂರು ಹಾಕಿ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗದ ಮಾಂಸ ಗುಳಿಬಿದ್ದು ಏಣಿನಂತೆ ಕಾಣುವ ಮೀನು ಆಗಲೇ ತನ್ನ ಮೈಯನ್ನೇ ಕರಗಿಸಿಕೊಂಡು ಬದುಕುತ್ತಿರುತ್ತದೆ. ಕರುಣೆಯಿಂದ ಅದನ್ನು ತಂದರೂ ಉಳಿಸಿಕೊಳ್ಳುವುದು ಬಹಳ ಕಷ್ಟ. ಬೆಂಗಳೂರಿನಲ್ಲಿ ಕೊಳ್ಳುವವರು ಫೋನಿನಲ್ಲೇ ವಿಡಿಯೋ ತರಿಸಿಕೊಳ್ಳಬಹುದು.

ರಾತ್ರಿ ಬಸ್ಸಿನಲ್ಲಿ ಬಂದ ಚೀಲವನ್ನು ಬಿಚ್ಚುವಾಗ ಒಂದು ಎಚ್ಚರಿಕೆ ಬೇಕು. ಹತ್ತು-ಹನ್ನೆರಡು ಗಂಟೆ ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆ ಆಮ್ಲೀಯತೆಯಲ್ಲಿ ಅಮೋನಿಯಾದ ವಿಷ ಅಷ್ಟಾಗಿ ತಟ್ಟುವುದಿಲ್ಲ. ಚೀಲ ತೆರೆದೊಡನೆ ಆ ಅನಿಲ ಹೊರಹೋಗಿ ಪಿಎಚ್ ಏರಿ, ಅದೇ ಅಮೋನಿಯಾ ತೀವ್ರ ವಿಷವಾಗುತ್ತದೆ. ಆದ್ದರಿಂದ ಚೀಲವನ್ನು ಕಟ್ಟಿದಂತೆಯೇ ಇಪ್ಪತ್ತು ನಿಮಿಷ ತೇಲಿಸಿ ಉಷ್ಣತೆ ಸರಿಹೊಂದಿಸಿ, ಅಂಗಡಿಯ ನೀರಿನ ಸಾಂದ್ರತೆಯನ್ನು ಮೊದಲೇ ಕೇಳಿ, ದೊಡ್ಡ ತೊಟ್ಟಿಗೆ ಬಿಡುವ ಮೊದಲು ಹೊಸ ಮೀನನ್ನು ಇಡುವ ಪ್ರತ್ಯೇಕ ತೊಟ್ಟಿಯನ್ನು ಅದಕ್ಕೆ ಹೊಂದಿಸಿಟ್ಟು, ತೆರೆದ ಕೂಡಲೇ ಮೀನನ್ನು ಮಾತ್ರ ಬಿಡಿ. ಚೀಲದ ನೀರನ್ನು ಚೆಲ್ಲಿಬಿಡಿ.

ಪ್ರತ್ಯೇಕ ತೊಟ್ಟಿಯಲ್ಲಿ ಕನಿಷ್ಠ ನಾಲ್ಕು ವಾರ ಇರಲಿ. ಅಡಗಲು ಒಂದೆರಡು ಪಿವಿಸಿ ಪೈಪಿನ ತುಂಡು, ಮಂದ ಬೆಳಕು, ಸುತ್ತ ಓಡಾಟವಿಲ್ಲದ ಮೂಲೆ ಸಾಕು. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಬಳಸುವವರು ಚಿಟ್ಟೆಮೀನುಗಳು ಅದನ್ನು ಉಳಿದ ಹಲವು ಮೀನುಗಳಷ್ಟು ತಾಳಿಕೊಳ್ಳುವುದಿಲ್ಲ ಎಂಬುದನ್ನು ನೆನಪಿಡಬೇಕು. ರೋಗದ ಗುರುತಿಲ್ಲದೆ, ಮೀನು ಉಣ್ಣಲು ಶುರುಮಾಡುವ ಮೊದಲೇ ನಾನು ಔಷಧ ಹಾಕುವುದಿಲ್ಲ.

ಊಟ ಆರಂಭಿಸಲು ನಮ್ಮ ಜಿಲ್ಲೆಯವರಿಗೆ ಇರುವ ಅನುಕೂಲ ದೊಡ್ಡದು. ಮೀನು ಮಾರುಕಟ್ಟೆಯಲ್ಲಿ ಜೀವಂತ ಬಳಚು ಸಿಗುತ್ತದೆ. ಸಾರಿಗೆ ಹಾಕುವ ಮೊದಲು ಮಣ್ಣು ಕಕ್ಕಿಸುವಂತೆಯೇ, ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು, ನೀರನ್ನು ಎರಡು ಮೂರು ಸಲ ಬದಲಿಸಿ. ಬಳಿಕ ಚಿಪ್ಪನ್ನು ಚಾಕುವಿನಿಂದ ಬಿಡಿಸಿ, ಮಾಂಸ ಅಂಟಿಕೊಂಡಿರುವ ಅರ್ಧವನ್ನು ಮೀನು ಸುಳಿದಾಡುವ ಕಡೆ, ಗೋಡೆಗೆ ಒರಗಿಸಿ ಇಡಿ. ಚಿಪ್ಪಿನೊಳಗಿಂದ ಕಿತ್ತು ತಿನ್ನುವುದು ಅದಕ್ಕೆ ಹುಟ್ಟುಗುಣವಾದ್ದರಿಂದ, ಬೇರೆ ಏನನ್ನೂ ಮೂಸದ ಮೀನು ಕೂಡ ಮೊದಲು ದೂರದಿಂದ ನೋಡಿ, ಆಮೇಲೆ ಒಂದು ಬಾರಿ ಕುಕ್ಕಿ, ಸಂಜೆಯ ಹೊತ್ತಿಗೆ ಚಿಪ್ಪನ್ನು ಬರಿದುಮಾಡುವುದನ್ನು ನಾನು ಕಂಡಿದ್ದೇನೆ. ಆ ಮೊದಲ ಕುಕ್ಕಿಗೆ ಮೂರು ದಿನವೂ ಆಗಬಹುದು, ಒಂದು ವಾರವೂ ಆಗಬಹುದು. ಎರಡು ಮೂರು ಗಂಟೆಗಳಲ್ಲಿ ಮುಟ್ಟದಿದ್ದರೆ ಚಿಪ್ಪನ್ನು ತೆಗೆದುಬಿಡಿ, ಕೊಳೆತರೆ ಸಣ್ಣ ತೊಟ್ಟಿಯ ನೀರು ಒಂದೇ ರಾತ್ರಿಯಲ್ಲಿ ಕೆಡುತ್ತದೆ. ಚರಂಡಿ ಸೇರುವ ಜಾಗದ ಬಳಚನ್ನು ಕೊಳ್ಳಬೇಡಿ.

ಬಳಚು ಅಭ್ಯಾಸವಾದ ಮೇಲೆ ಅದೇ ಖಾಲಿ ಚಿಪ್ಪಿನಲ್ಲಿ ಫ್ರೀಜರಿನ ಮೈಸಿಸ್ ಎಂಬ ಸಿಗಡಿಯಂಥ ಪುಟ್ಟ ಜೀವಿ, ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿ, ಸಣ್ಣಗೆ ಹೆಚ್ಚಿದ ಸಿಗಡಿ ಇವುಗಳನ್ನು ಬಳಚಿನ ಮಾಂಸದೊಂದಿಗೆ ಬೆರೆಸಿ ತುಂಬಿರಿ, ದಿನಕಳೆದಂತೆ ಬಳಚಿನ ಪಾಲನ್ನು ಇಳಿಸಿರಿ. ಬರಿಯ ಬಳಚಿನ ಮೇಲೆಯೇ ಬಿಡಬಾರದು, ಏಕೆಂದರೆ ಹಲವು ಚಿಪ್ಪುಜೀವಿಗಳ ಹಸಿ ಮಾಂಸದಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ. ಆಹಾರವನ್ನು ವಾರಕ್ಕೆರಡು ಬಾರಿ ಜೀವಸತ್ವದ ದ್ರಾವಣದಲ್ಲಿ ನೆನೆಸಿಡಿ. ಒಂದೇ ಹೊತ್ತು ಹೆಚ್ಚು ಹಾಕುವುದಕ್ಕಿಂತ ದಿನಕ್ಕೆ ಮೂರು-ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು.

ದೊಡ್ಡ ತೊಟ್ಟಿಗೆ ಬಿಟ್ಟಾಗ ಚುರುಕಾಗಿ ತಿನ್ನುವ, ಜಗಳಗಂಟ ಮೀನುಗಳು ಅದರ ಪಾಲನ್ನು ಕಸಿಯುತ್ತವೆ. ಸಾಧ್ಯವಾದರೆ ಅವುಗಳಿಗಿಂತ ಮೊದಲು ಚಿಟ್ಟೆಮೀನೇ ತೊಟ್ಟಿ ಸೇರಲಿ. ಎರಡು ಕಾಪರ್‌ಬ್ಯಾಂಡ್‌ಗಳನ್ನು ಒಟ್ಟಿಗೆ ಇಡಬೇಡಿ, ಕಾದಾಡುತ್ತವೆ. ಐಪ್ಟೇಸಿಯಾ ಎಂಬ ಕಳೆ ಅನಿಮೋನ್‌ಗಳನ್ನು ತಿಂದು ತೆಗೆಯುತ್ತದೆಂದೇ ಕೆಲವರು ಇದನ್ನು ತರುತ್ತಾರೆ. ಎಲ್ಲ ಮೀನುಗಳೂ ಅದನ್ನು ತಿನ್ನುವುದಿಲ್ಲ, ಮತ್ತು ಕಳೆ ಮುಗಿದ ಮೇಲೂ ಮೀನಿಗೆ ಊಟ ಬೇಕು.

ಜೂನ್‌ನಿಂದ ಗಾಳಿಮಳೆಗೆ ಕರೆಂಟು ಹೋಗಿ ಗಂಟೆಗಟ್ಟಲೆ ಬಾರದಿರುವುದು ಕಾರವಾರದಲ್ಲೂ ಶಿರಸಿಯಲ್ಲೂ ಇದ್ದದ್ದೇ. ಬ್ಯಾಟರಿಯಿಂದ ನಡೆಯುವ ಏರ್ ಪಂಪನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ ಇಟ್ಟುಕೊಳ್ಳಿ. ಕರೆಂಟಿಲ್ಲದಷ್ಟು ಹೊತ್ತು ಆಹಾರ ಹಾಕದೆ, ಗುಳ್ಳೆಗಳು ನಿಲ್ಲದಂತೆ ಮಾತ್ರ ನೋಡಿಕೊಳ್ಳಿ. ಫಿಲ್ಟರ್ ಮತ್ತೆ ನಡೆದು, ಅಮೋನಿಯಾ ಪರೀಕ್ಷೆ ಸೊನ್ನೆ ತೋರಿಸಿದ ಮೇಲೆ ಮುಂದಿನ ಚಿಪ್ಪನ್ನು ಇಡಿ.