ಪ್ರೊಸೆಸರ್ ಹೆಸರಿನ ಕೊನೆಯ ಒಂದಕ್ಷರ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಚಿಕ್ಕ ಡಿ.ಟಿ.ಪಿ. ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನು, ಕಾಲೇಜು ಹುಡುಗರ ಪ್ರಾಜೆಕ್ಟು, ಇವೇ ಕೆಲಸ. ಕಂಪ್ಯೂಟರ್ 2012ರಲ್ಲಿ ತಂದದ್ದು. ಎಚ್61 ಬೋರ್ಡು (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡ್), ಐ3-2120 ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಚಿಪ್), 4 ಜಿಬಿ ರ‍್ಯಾಮ್. ಮದುವೆ ಸೀಸನ್‌ನಲ್ಲಿ ಗಿರಾಕಿ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅವರ ಕಾರ್ಡಿನ ಪಿ.ಡಿ.ಎಫ್. ಆಗಿರುತ್ತಿರಲಿಲ್ಲ. ಹೊಸದು ತರೋಣ ಅಂದರೆ ಕೈಯಲ್ಲಿದ್ದದ್ದು 5,000 ರೂಪಾಯಿ.

ಅಕ್ಕನ ಮಗ ಬಂದವನು, ‘ಮಾವ, ಮೊದಲು ಎಲ್ಲಿ ನಿಲ್ಲುತ್ತೆ ನೋಡಿ, ಆಮೇಲೆ ದುಡ್ಡು ಹಾಕಿ’ ಅಂದ. ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಎರಡು ದಿನ ಕೆಲಸ ಮಾಡಿದೆ. ಫೈಲ್ ತೆರೆಯುವಾಗ ಡಿಸ್ಕ್ ಶೇಕಡಾ 100ಕ್ಕೆ ಏರುತ್ತಿತ್ತು, ಪ್ರೊಸೆಸರ್ ಸುಮ್ನೆ ಕೂತಿರುತ್ತಿತ್ತು. ಹಾಗಾಗಿ ಮೊದಲು ತಂದದ್ದು ಎಸ್.ಎಸ್.ಡಿ. (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್), ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್. ಎಚ್61ರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕದ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ. ಆದರೂ ಹಳೇ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ವೇಗ. ಫೈಲ್ ತೆರೆಯುವ ಕಾಟ ತಪ್ಪಿತು. ಆದರೆ ಕೋರಲ್ ಡ್ರಾ, ಫೋಟೋಶಾಪ್, ಬ್ರೌಸರ್ ಮೂರೂ ತೆರೆದಿದ್ದಾಗ ಪಿ.ಡಿ.ಎಫ್.ಗೆ ಕೊಟ್ಟರೆ ಈಗ ಪ್ರೊಸೆಸರ್ 100ಕ್ಕೆ ಹೋಗುತ್ತಿತ್ತು.

ಇಲ್ಲಿಯ ಒಬ್ಬ ವ್ಯಾಪಾರಿ, ‘ನಾಲ್ಕನೇ ಜನರೇಷನ್ ಐ5 ತಗೊಳ್ಳಿ ಸರ್, ಹೊಸದು’ ಅಂದರು. ನನ್ನದಕ್ಕಿಂತ ಅದು ಹೊಸದೇ ನಿಜ. ಆದರೆ ಅದಕ್ಕೆ 1150 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬೇಕು, ನನ್ನ ಬೋರ್ಡಿನದು 1155. ಬೋರ್ಡೂ ಬದಲಿಸಬೇಕಾದರೆ ಲೆಕ್ಕವೆಲ್ಲ ತಲೆಕೆಳಗು. ಈ ಬೋರ್ಡಿಗೆ ಹೊಂದುವ ಎರಡನೇ ಮತ್ತು ಮೂರನೇ ಜನರೇಷನ್ ಒಳಗೇ ಹುಡುಕಬೇಕಿತ್ತು.

ಕೊನೆಗೆ ಉಳಿದದ್ದು ಮೂರು: ಐ5-2400, ಐ5-3470, ಐ7-2600 (ಇವುಗಳಲ್ಲಿ ಗೆರೆಯ ಮುಂದಿನ ಮೊದಲ ಅಂಕಿಯೇ ಜನರೇಷನ್). ಗಿಗಾಹರ್ಟ್ಸ್ (ಪ್ರೊಸೆಸರ್ ಬಡಿತದ ವೇಗ) ನೋಡಿದರೆ ನನ್ನ ಐ3ಯದು 3.3, ಐ5-2400ರದು 3.1. ಕಡಿಮೆ ಅಂತ ಕಾಣುತ್ತೆ ಅಲ್ವಾ? ಆದರೆ ಐ3ಯಲ್ಲಿ ಇರುವುದು ಎರಡೇ ಕೋರ್ (ಕೆಲಸ ಮಾಡುವ ಘಟಕ), ಬೇಕಾದಾಗ ತಾನೇ ವೇಗ ಏರಿಸಿಕೊಳ್ಳುವ ಟರ್ಬೊ ಇಲ್ಲ. ಐ5ರಲ್ಲಿ ನಾಲ್ಕು ಕೋರ್, ಬೇಕಾದಾಗ 3.4ರವರೆಗೆ ಏರುತ್ತದೆ. ಅಂಗಡಿ ಶುರು ಮಾಡಿದಾಗ ನನ್ನಲ್ಲಿ 3 ಗಿಗಾಹರ್ಟ್ಸ್‌ನ ಪೆಂಟಿಯಂ 4 ಇತ್ತು. ಅಂಕಿ ಹತ್ತಿರಹತ್ತಿರ, ಕೆಲಸ ಮಾತ್ರ ಐ3ಯ ಅರ್ಧಕ್ಕೂ ಬರುತ್ತಿರಲಿಲ್ಲ. ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳನ್ನು ಗಿಗಾಹರ್ಟ್ಸ್‌ನಲ್ಲಿ ತೂಗಬೇಡಿ.

ಐ7-2600 ಮೇಲೆ ಆಸೆ ಇತ್ತು. ನಾಲ್ಕು ಕೋರ್, ಎಂಟು ಥ್ರೆಡ್ (ಒಂದೊಂದು ಕೋರೂ ಎರಡೆರಡು ಕೆಲಸ ಹಿಡಿಯುತ್ತದೆ). ಅಕ್ಕನ ಮಗನ ಹತ್ತಿರ ಅದೇ ಇತ್ತು. ನನ್ನ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲಿ ಓಡಿಸಿದೆ. ಟಾಸ್ಕ್ ಮ್ಯಾನೇಜರ್‌ನ ಎಂಟು ಗ್ರಾಫಿನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ನನ್ನ ಕೆಲಸಕ್ಕೆ ಬೇಕಾದದ್ದು ನಾಲ್ಕು ಗಟ್ಟಿ ಕೋರ್, ಅಷ್ಟೇ. ವಿಡಿಯೋ ಎಡಿಟ್ ಮಾಡುವವರಾದರೆ ಐ7 ತಗೊಳ್ಳಲಿ. ಮೇಲಾಗಿ ಅದು 95 ವ್ಯಾಟ್, ಐ5-3470 77 ವ್ಯಾಟ್. ಏಪ್ರಿಲ್‌ನಲ್ಲಿ ನಮ್ಮೂರಿನ ಬಿಸಿಲಿಗೆ ಶೀಟಿನ ಕೆಳಗಿರುವ ಅಂಗಡಿಯಲ್ಲಿ ಆ ವ್ಯತ್ಯಾಸ ಚಿಕ್ಕದಲ್ಲ. 3470 ಅಂತಲೇ ತೀರ್ಮಾನಿಸಿದೆ.

ಬೆಂಗಳೂರಿನ ಒಬ್ಬ ಮಾರಾಟಗಾರರಿಂದ 1,800 ರೂಪಾಯಿಗೆ ಕೊರಿಯರ್‌ನಲ್ಲಿ ತರಿಸಿದೆ. ಪೊಟ್ಟಣ ಬಿಚ್ಚಿ ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲಿನ ಬರಹ ಓದಿದರೆ ಐ5-3470ಟಿ! ಆ ‘ಟಿ’ ಒಂದಕ್ಷರಕ್ಕೆ ಎರಡು ಕೋರ್ ಹೋಗಿತ್ತು. 3470ಟಿಯಲ್ಲಿ ಎರಡೇ ಕೋರ್, ನಾಲ್ಕು ಥ್ರೆಡ್, 3 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ). ಹೆಚ್ಚುಕಮ್ಮಿ ನನ್ನ ಐ3ಯೇ, ವಿದ್ಯುತ್ ಕಡಿಮೆ ತಿನ್ನುತ್ತದೆ ಅಷ್ಟೇ. ಕೋಪ ಬಂತು. ವಾಪಸ್ ಕಳಿಸಿ ಸರಿಯಾದದ್ದು ಬರಲು ಒಂಬತ್ತು ದಿನ ಹಿಡಿಯಿತು. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಮುಚ್ಚಳದ ಫೋಟೋ ತರಿಸಿಕೊಳ್ಳಿ, ಕೊನೆಯ ಅಕ್ಷರ ಓದಿ, ಆಮೇಲೆ ದುಡ್ಡು ಕಳಿಸಿ.

ಇನ್ನೊಂದು ಮಾತು. ಹಳೇ ಎಚ್61 ಬೋರ್ಡು ಮೂರನೇ ಜನರೇಷನ್ ಗುರುತಿಸಬೇಕಾದರೆ ಬಯೋಸ್ (ಬೋರ್ಡಿನೊಳಗಿರುವ, ಕಂಪ್ಯೂಟರ್ ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. ಹಳೇ ಪ್ರೊಸೆಸರ್ ತೆಗೆಯುವ ಮೊದಲೇ ಅದನ್ನು ಮಾಡಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ನಾನು ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸುವವರೆಗೆ ಕಾದೆ.

ಈಗ ಕಾರ್ಡಿನ ಪಿ.ಡಿ.ಎಫ್. ಗಿರಾಕಿ ಕುರ್ಚಿಯಲ್ಲಿ ಕೂತಿದ್ದಾಗಲೇ ಮುಗಿಯುತ್ತದೆ. ವಿಂಡೋಸ್ 11ಕ್ಕೆ ಮಾತ್ರ ಅಧಿಕೃತವಾಗಿ ಎಂಟನೇ ಜನರೇಷನ್ ಬೇಕು, ಇದರಲ್ಲಿರುವ ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತೆಯ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ಬ್ಯಾಂಕ್ ಕೆಲಸ ಈ ಕಂಪ್ಯೂಟರ್‌ನಲ್ಲಿ ಮಾಡುವುದಿಲ್ಲ. ಹಳೇ ಐ3 ಮಾರಲಿಲ್ಲ, ಡ್ರಾಯರ್‌ನಲ್ಲಿದೆ. ಮುಂದೆ ಕಂಪ್ಯೂಟರ್ ಆನ್ ಆಗದಿದ್ದರೆ ಕೆಟ್ಟಿದ್ದು ಬೋರ್ಡೋ ಪ್ರೊಸೆಸರೋ ಅಂತ ಹಾಕಿ ನೋಡಲು ಅದು ಬೇಕು.