ಹಾಕಿ ಆಡಿದ ಕೈಗೆ ಹರ್ಲಿಂಗ್ ಕಲಿಸಿದ್ದು

ಎಡಗೈ ಮೇಲೆ, ಬಲಗೈ ಕೆಳಗೆ. ಹಾಕಿ ಸ್ಟಿಕ್ ಹಿಡಿಯುವ ಈ ರೀತಿ ನನಗೆ ಚಿಕ್ಕಂದಿನಿಂದ ರೂಢಿ. ಕೊಡಗಿನವನು ನಾನು. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತಲೇ ಬೆಳೆದೆ. ಎಂಎಸ್ ಮಾಡಲು ಅಮೆರಿಕದ ಇಂಡಿಯಾನಾಕ್ಕೆ ಹೋದಾಗ ಕಾಲೇಜಿನ ಹರ್ಲಿಂಗ್ ತಂಡ ಸೇರಿದೆ. ಐರ್ಲೆಂಡಿನ ಆಟ ಅದು. ಕೋಲು, ಚೆಂಡು ಎರಡೂ ಇವೆಯಲ್ಲ, ಬೇಗ ಬರುತ್ತೆ ಅಂದುಕೊಂಡಿದ್ದೆ.

ಮೊದಲ ದಿನವೇ ಕೋಚ್ ನನ್ನ ಕೈಗಳನ್ನು ಅದಲು ಬದಲು ಮಾಡಿಸಿದರು. ಹರ್ಲಿಂಗ್‌ನಲ್ಲಿ ಬಲಗೈಯವರಿಗೆ ಬಲಗೈಯೇ ಮೇಲೆ. ಓಡುವಾಗ ಕೋಲು ಆ ಒಂದೇ ಕೈಯಲ್ಲಿ, ಎಡಗೈ ಚೆಂಡು ಹಿಡಿಯಲು ಖಾಲಿ ಇರಬೇಕು.

ಅದಕ್ಕಿಂತ ಜಾಸ್ತಿ ಕಾಡಿದ್ದು ಚೆಂಡು ಎತ್ತುವುದು. ನೆಲದ ಮೇಲಿರುವ ಚೆಂಡನ್ನು ಕೈಯಿಂದ ಹೆಕ್ಕುವಂತಿಲ್ಲ. ಅದರ ಪಕ್ಕ ಕಾಲಿಟ್ಟು, ಮಂಡಿ ಬಗ್ಗಿಸಿ, ಕೋಲನ್ನು ನೆಲಕ್ಕೆ ಮಲಗಿಸಿದ ಹಾಗೆ ಹಿಡಿದು, ಅಗಲವಾದ ತುದಿಯನ್ನು ಚೆಂಡಿನ ಅಡಿಗೆ ತೂರಿಸಬೇಕು. ಚೆಂಡು ಚಿಮ್ಮಿ ಎಡಗೈಗೆ ಬರಬೇಕು. ಇದೇ ಜ್ಯಾಬ್ ಲಿಫ್ಟ್. ನಾನು ಹಾಕಿಯ ಹಾಗೆ ಕೋಲನ್ನು ನೆಟ್ಟಗೆ ಹಿಡಿಯುತ್ತಿದ್ದೆ, ಚೆಂಡು ಮುಂದಕ್ಕೆ ಉರುಳುತ್ತಿತ್ತು. ದಿನಾ ಸಂಜೆ ರೂಮಿನ ಹಿಂದಿನ ಹುಲ್ಲಿನಲ್ಲಿ ನೂರು ಸಲ ಮಾಡಿದೆ. ಬೆರಳಿನ ಗೆಣ್ಣು ತರಚಿ ಹೋಯಿತು. ಮೂರನೇ ವಾರ ಒಂದು ಸಂಜೆ ಮಂಡಿ ಪೂರ್ತಿ ಬಗ್ಗಿತು, ಚೆಂಡು ಪಟ್ಟನೆ ಅಂಗೈಗೆ ಬಂದು ಕೂತಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅಮೆರಿಕದ ಕಾಲೇಜುಗಳಿಗೆ ಈ ಆಟ ಹೊಸದು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿದ್ಯಾರ್ಥಿಗಳು ಎದುರುಬದುರಾಗಿ ಆಡಿದ್ದು 2009ರಲ್ಲಿ. ನಮ್ಮ ತಂಡದಲ್ಲೂ ಬೇಸ್‌ಬಾಲ್, ಲಕ್ರಾಸ್ ಬಿಟ್ಟು ಬಂದವರೇ ಜಾಸ್ತಿ. ಎಲ್ಲರೂ ಹೊಸಬರು, ಹಾಗಾಗಿ ಯಾರಿಗೂ ಸಂಕೋಚ ಇರಲಿಲ್ಲ. ನನಗೆ ತುಂಬಾ ಇಷ್ಟವಾದದ್ದು ಅದೇ.

ಟೂರ್ನಮೆಂಟಿನಲ್ಲಿ ನಮ್ಮದು 2-9, ಎದುರಾಳಿ ತಂಡದ್ದು 1-13. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್. ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಒಂದು. ಅಂದರೆ 15ಕ್ಕೆ 16. ನಮ್ಮ ಒಂಬತ್ತನೇ ಪಾಯಿಂಟ್ ನನ್ನದು. ಚೆಂಡು ಎತ್ತಿದೆ, ಕೈಯಲ್ಲಿ ಹಿಡಿದು ಮೂರು ಹೆಜ್ಜೆ ಓಡಿದೆ. ನಾಲ್ಕು ದಾಟುವಂತಿಲ್ಲ. ಬಲಬದಿಯಿಂದ ಬೀಸಿದೆ, ಚೆಂಡು ಅಡ್ಡಪಟ್ಟಿ ದಾಟಿತು. ಕೊನೇ ನಿಮಿಷದಲ್ಲಿ ಅಂಥದ್ದೇ ಇನ್ನೊಂದು ಚೆಂಡು ಸಿಕ್ಕಿತು, ಆದರೆ ಎಡಬದಿಗೆ. ಅಲ್ಲಿಂದ ಹೊಡೆಯಲು ನನಗೆ ಬರುತ್ತಿರಲಿಲ್ಲ. ತಿರುಗುವಷ್ಟರಲ್ಲಿ ಅವರು ಅಡ್ಡ ಬಂದರು.

ಆಟ ಮುಗಿದ ತಕ್ಷಣ ಕೋಚ್ ಹತ್ತಿರ ಹೋಗಿ, ಸೋಮವಾರದಿಂದ ಎಡಬದಿ ಹೊಡೆತ ಹೇಳಿಕೊಡಿ ಅಂತ ಕೇಳಿದೆ.